ಮೊಬೈಲ್ ಹಿಡಿದು ಯೂನಿಟ್ಟು ಸುತ್ತಿ: ಕೆಲಸದ ಜಾಗದ ಅಪಾಯ ಪತ್ತೆ ಹಚ್ಚುವುದು ಹೇಗೆ?

ಬಳ್ಳಾರಿ ಕೌಲ್ ಬಜಾರ್‌ನಲ್ಲಿ ಪರಿಚಯದವರೊಬ್ಬರ ಜೀನ್ಸ್ ಹೊಲಿಗೆ ಯೂನಿಟ್ಟಿದೆ. ಹದಿನಾಲ್ಕು ಮಷೀನು, ಒಂದು ಕಟಿಂಗ್ ಟೇಬಲ್ಲು, ಮೂಲೆಯಲ್ಲಿ ಇಸ್ತ್ರಿ. "ಅಪಾಯ ಗಿಪಾಯ ಏನಿಲ್ರೀ ನಮ್ಮಲ್ಲಿ. ಹತ್ತು ವರ್ಷದಿಂದ ನಡಸ್ತಿದೀವಿ" ಎಂದರು ಮಾಲೀಕರು. ಕಟಿಂಗ್ ಮಾಸ್ಟರ್ ಎಡಗೈಗೆ ಹಾಕಿಕೊಳ್ಳಬೇಕಾದ ಉಕ್ಕಿನ ಬಲೆಯ ಗ್ಲೌಸು ಅವರ ಬೆನ್ನ ಹಿಂದೆಯೇ ಮೊಳೆಗೆ ನೇತಾಡುತ್ತಿತ್ತು. ಅದರ ಮೇಲೆ ಒಂದು ಪದರ ನೀಲಿ ಧೂಳು.

ದಿನಾ ನೋಡುವುದು ಕಣ್ಣಿಗೆ ಬೀಳುವುದಿಲ್ಲ. ಅದನ್ನು ಕಾಣಿಸಿಕೊಡಲು ಇಂಟರ್ನೆಟ್ಟಿನಲ್ಲಿ ಪುಕ್ಕಟೆ ಸಾಧನವೊಂದಿದೆ, ಹೆಸರು ಓಯಿರಾ. ಇಂಗ್ಲಿಷಿನಲ್ಲಿ ಓ, ಐ, ಆರ್, ಎ ಎಂಬ ನಾಲ್ಕಕ್ಷರ ಹೊಡೆದು ಹುಡುಕಿದರೆ ಸಿಗುತ್ತದೆ. ಸ್ಪೇನಿನ ಬಿಲ್ಬಾವೊ ನಗರದಲ್ಲಿರುವ ಐರೋಪ್ಯ ಒಕ್ಕೂಟದ ಔದ್ಯೋಗಿಕ ಸುರಕ್ಷತಾ ಸಂಸ್ಥೆ 2011ರಲ್ಲಿ ಹೊರತಂದದ್ದು. ನೆದರ್‌ಲೆಂಡ್ಸ್‌ನಲ್ಲಿ ಆಗಲೇ ಬಳಕೆಯಲ್ಲಿದ್ದ ಸಾಧನವೊಂದು ಇದಕ್ಕೆ ಮೂಲ. ಸೇಫ್ಟಿ ಆಫೀಸರ್ ಇಟ್ಟುಕೊಳ್ಳಲು ಆಗದ ಸಣ್ಣ ಉದ್ಯಮದವರಿಗೆಂದೇ ಮಾಡಿದ್ದಾರೆ. ಕನ್ನಡದಲ್ಲಿಲ್ಲ, ಬ್ರೌಸರ್‌ನ ಅನುವಾದ ಬಟನ್ ಒತ್ತಿ ನಿಭಾಯಿಸಬೇಕು. ಅಲ್ಲಿ ಬರುವ ಕಾನೂನಿನ ಮಾತೆಲ್ಲ ಯುರೋಪಿನದು, ಅದನ್ನು ಬಿಟ್ಟು ಮುಂದೆ ಹೋಗಿ.

ಯಾವುದನ್ನು ಆರಿಸಬೇಕು?

ಓಯಿರಾದಲ್ಲಿ ಒಂದೊಂದು ಕಸುಬಿಗೆ ಒಂದೊಂದು ಪ್ರಶ್ನಾವಳಿ ಇದೆ. ದೇಶ, ಭಾಷೆ, ಕಸುಬು ಎಂದು ಮೂರು ಬಗೆಯಲ್ಲಿ ಪಟ್ಟಿಯನ್ನು ಸೋಸಬಹುದು. ಮೊದಲು ಭಾಷೆ ಇಂಗ್ಲಿಷ್ ಎಂದು ಕೊಡಿ. ಜೀನ್ಸ್ ಎಂಬ ಹೆಸರನ್ನೇ ಹುಡುಕುತ್ತಾ ಕೂರಬೇಡಿ, ಹತ್ತಿರದ ಕಸುಬು ಸಾಕು. ಜೀನ್ಸ್ ತೊಳೆಯುವ ವಾಷಿಂಗ್ ಯೂನಿಟ್ಟಿನವರಿಗೆ ಚರ್ಮ ಹದ ಮಾಡುವವರ ಪ್ರಶ್ನಾವಳಿ ಎಷ್ಟೋ ಹೊಂದುತ್ತದೆ. ಅಲ್ಲಿಯೂ ತಿರುಗುವ ಡ್ರಮ್ಮು, ಒದ್ದೆ ನೆಲ, ಕೆಮಿಕಲ್ ಕ್ಯಾನು. ಇಮೇಲ್ ಕೊಟ್ಟು ಖಾತೆ ತೆರೆದರೆ ಮಾಡಿದ ಕೆಲಸ ಉಳಿಯುತ್ತದೆ.

ಪ್ರಶ್ನೆಗೆ ಉತ್ತರ ಕೂತು ಕೊಡಬೇಡಿ

ಹೆಚ್ಚಿನವರು ಎಡವುವುದು ಇಲ್ಲಿಯೇ. ಪರದೆ ಮೇಲೆ ಬರುವುದು ನೇರ ಪ್ರಶ್ನೆಯಲ್ಲ, 'ಹೊರಗೆ ಹೋಗುವ ದಾರಿ ಖಾಲಿಯಾಗಿದೆ' ಎನ್ನುವ ಧಾಟಿಯ ವಾಕ್ಯ. ಹೌದು ಎಂದರೆ ಎಲ್ಲ ಸರಿಯಿದೆ, ಇಲ್ಲ ಎಂದರೆ ಅಪಾಯವಿದೆ ಎಂದರ್ಥ. ಆಫೀಸಿನ ಕುರ್ಚಿಯಲ್ಲಿ ಕೂತವರ ಬೆರಳು ತಾನೇ 'ಹೌದು' ಕಡೆ ಹೋಗುತ್ತದೆ. ನಾವೂ ಮೊದಲ ಸಲ ಟೀ ಕುಡಿಯುತ್ತಾ ಹಾಗೇ ಮಾಡಿದೆವು. ಒಂದೂ ಅಪಾಯ ಸಿಗಲಿಲ್ಲ! ಆಮೇಲೆ ಮೊಬೈಲ್ ಹಿಡಿದು, ಹಿರಿಯ ಟೈಲರ್ ಒಬ್ಬರನ್ನು ಜೊತೆಗೆ ಕರೆದುಕೊಂಡು, ಒಂದೊಂದು ವಾಕ್ಯಕ್ಕೂ ಆಯಾ ಜಾಗದಲ್ಲೇ ನಿಂತು ಉತ್ತರ ಒತ್ತಿದೆವು. ಹಿಂಬಾಗಿಲಿಗೆ ಅಡ್ಡವಾಗಿ ಡೆನಿಮ್ ಥಾನುಗಳ ಗುಡ್ಡೆ. ಇಸ್ತ್ರಿಯ ವೈರಿಗೆ ಪ್ಲಗ್ಗೇ ಇಲ್ಲ, ಬರೀ ತಂತಿಯನ್ನು ಸಾಕೆಟ್ಟಿಗೆ ತುರುಕಿ ಬೆಂಕಿಕಡ್ಡಿ ಸಿಕ್ಕಿಸಿದ್ದಾರೆ. ಮೂರು ಮಷೀನಿನ ಬೆಲ್ಟ್ ಕವರು ಡ್ರಾಯರ್‌ನಲ್ಲಿವೆ. ಯಂತ್ರದ ತಿರುಗುವ ಭಾಗಕ್ಕೆ ಕಾವಲು ಇರಬೇಕೆಂದು 1948ರ ಕಾರ್ಖಾನೆ ಕಾಯ್ದೆಯೇ ಹೇಳಿತ್ತು. ನಮ್ಮಲ್ಲಿ ಕಾವಲು ಇತ್ತು, ಡ್ರಾಯರ್‌ನೊಳಗೆ!

ಇನ್ನು ಆ ಗ್ಲೌಸು. ಯಾಕೆ ಹಾಕಲ್ಲ ಎಂದು ಮಾಸ್ಟರನ್ನು ಬೈಯುವ ಮೊದಲು ಕೇಳಿದೆವು. "ಹಾಕ್ಕೊಂಡು ನೋಡ್ರಿ ಅಣ್ಣಾ" ಎಂದು ನನ್ನ ಕೈಗೇ ಕೊಟ್ಟರು. ಹಾಕಿಕೊಂಡೆ. ಬೆರಳ ತುದಿಯಲ್ಲಿ ಅರ್ಧ ಇಂಚು ಬಲೆ ಜೋತು ಬಿತ್ತು. "ಇದು ಬ್ಲೇಡಿಗೆ ಸಿಕ್ಕಿದ್ರ ಕೈನ ಎಳಕೊಂಡು ಹೋಗ್ತೈತಿ." ಸೋಮಾರಿತನ ಎಂದು ನಾವು ಬರೆದುಕೊಳ್ಳಲು ಹೊರಟಿದ್ದುದು ಅಳತೆಯ ತಪ್ಪಾಗಿತ್ತು. ಯಾವ ಸಾಧನಕ್ಕೂ ಇದು ತಾನಾಗಿ ಗೊತ್ತಾಗುವುದಿಲ್ಲ, ಆ ಮಷೀನಿನ ಮೇಲೆ ಕೈಯಿಟ್ಟವರನ್ನೇ ಕೇಳಬೇಕು.

ಅಲ್ಲಿ ಇಲ್ಲದ್ದನ್ನು ನೀವೇ ಸೇರಿಸಿ

ಪ್ರಶ್ನಾವಳಿಯ ಕೊನೆಯಲ್ಲಿ ನಿಮ್ಮದೇ ಅಪಾಯಗಳನ್ನು ಬರೆಯಲು ಜಾಗವಿದೆ. ಬಳ್ಳಾರಿಗೆ ಇದು ಬೇಕೇ ಬೇಕು. ತಗಡಿನ ಚಾವಣಿ ಕೆಳಗಿನ ಏಪ್ರಿಲ್ ಮಧ್ಯಾಹ್ನವನ್ನು ಮೊದಲು ಬರೆಯಿರಿ. ವಾಷಿಂಗ್ ಯೂನಿಟ್ ಇದ್ದರೆ ಬ್ಲೀಚ್ ಕ್ಯಾನು ಮತ್ತು ಆಸಿಡ್ ಕ್ಯಾನು ಎಲ್ಲಿವೆ ನೋಡಿ. ಎರಡೂ ಬೆರೆತರೆ ಕ್ಲೋರಿನ್ ಅನಿಲ ಏಳುತ್ತದೆ, ಆದ್ದರಿಂದ ಒಂದೇ ಗೋಡೆಗೆ ಎರಡನ್ನೂ ಒರಗಿಸಿಡಬಾರದು. ಪ್ಯಾಂಟಿಗೆ ಮಾಸಲು ಕಳೆ ಬರಲೆಂದು ಪರ್ಮಾಂಗನೇಟ್ ಎಂಬ ಕೆಮಿಕಲ್ ಸ್ಪ್ರೇ ಹೊಡೆಯುವವರ ಮೂಗಿಗೆ ಕರ್ಚೀಫು ಕಟ್ಟಿದರೆ ಸಾಲದು. ಅದೇ ಕಳೆಗಾಗಿ ಮರಳು ಊದುವ ಕೆಲಸ ಮಾಡಿದವರಿಗೆ ಸಿಲಿಕೋಸಿಸ್ ಎಂಬ ಶ್ವಾಸಕೋಶದ ರೋಗ ಬಂದು, ಟರ್ಕಿ ದೇಶ 2009ರಲ್ಲಿ ಆ ಪದ್ಧತಿಯನ್ನೇ ನಿಷೇಧಿಸಿತು.

ತೂಕ ಹಾಕಿ, ಹೆಸರು ಬರೆಯಿರಿ

'ಇಲ್ಲ' ಎಂದ ಒಂದೊಂದಕ್ಕೂ ಮುಂದಿನ ಹಂತದಲ್ಲಿ ಹೆಚ್ಚು, ಮಧ್ಯಮ, ಕಡಿಮೆ ಎಂದು ಆದ್ಯತೆ ಕೊಡಬೇಕು. ಅನಾಹುತ ಆಗುವ ಸಾಧ್ಯತೆ ಎಷ್ಟು, ಎಷ್ಟು ಸಲ ಆ ಅಪಾಯಕ್ಕೆ ಎದುರಾಗುತ್ತಾರೆ, ಅನಾಹುತ ಆಗೇಬಿಟ್ಟರೆ ಪೆಟ್ಟು ಎಷ್ಟು, ಈ ಮೂರನ್ನು ನೋಡಿ ನಿರ್ಧರಿಸಿ. ಸೂಜಿ ಬೆರಳಿಗೆ ಚುಚ್ಚುವುದು ಆಗಾಗ ಆಗುತ್ತದೆ. ಥಾನು ಅಡ್ಡವಿದ್ದಾಗ ಬೆಂಕಿ ಬೀಳುವುದು ಅಪರೂಪ, ಬಿದ್ದರೆ ಒಬ್ಬರೂ ಹೊರಗೆ ಬರಲಾರರು. ನಾವು ಥಾನನ್ನೇ ಮೊದಲಿಟ್ಟೆವು.

ಕೊನೆಯದು ಕ್ರಿಯಾ ಯೋಜನೆ: ಏನು ಮಾಡಬೇಕು, ಯಾರು ಮಾಡಬೇಕು, ಎಷ್ಟು ಖರ್ಚು, ಯಾವಾಗ ಶುರು, ಯಾವಾಗ ಮುಗಿಯಬೇಕು. ಮೊದಲು ಅಪಾಯವನ್ನೇ ತೆಗೆದುಹಾಕಲು ಆಗುತ್ತದೆಯೇ ನೋಡಿ. ಗ್ಲೌಸು, ಮಾಸ್ಕು ಕೊನೆಗೆ. 'ಯಾರು' ಎಂಬ ಕಡೆ 'ಎಲ್ಲರೂ' ಎಂದು ಬರೆದರೆ ಆ ಕೆಲಸ ಆಗುವುದಿಲ್ಲ, ಒಬ್ಬರ ಹೆಸರು ಹಾಕಿ. ವರದಿಯನ್ನು ಇಳಿಸಿಕೊಂಡು ಪ್ರಿಂಟ್ ತೆಗೆಸಿ, ಕೆಲಸಗಾರರ ಕಣ್ಣಿಗೆ ಬೀಳುವಲ್ಲಿ ಅಂಟಿಸಿ. ಹೊಸ ಮಷೀನು ಬಂದಾಗ, ಹಬ್ಬದ ಆರ್ಡರಿಗೆಂದು ಹೊಸಬರನ್ನು ಕೂಡಿಸಿದಾಗ ಅದೇ ಖಾತೆ ತೆರೆದು ಮತ್ತೆ ಒಂದು ಸುತ್ತು ಹಾಕಿ.

ನಮ್ಮ ಪಟ್ಟಿಯಲ್ಲಿ ಎರಡನೇ ಸಾಲು ಹೀಗಿದೆ: ಸಣ್ಣ ಸೈಜಿನ ಗ್ಲೌಸು, ಮಾಸ್ಟರ್ ಕೈ ಅಳತೆ ತಗೊಂಡು, ಮಾಲೀಕರು, ಸೋಮವಾರದೊಳಗೆ.