ಕೆಂಪು ಪ್ರಶ್ನೆ ಗುರುತು ಹೋಯ್ತು, ಜೊತೆಗೆ ಅಧ್ಯಕ್ಷರೂ

ಒಂದು ಶಾಲೆಯ ಬೆಳ್ಳಿಹಬ್ಬದ ಸ್ಮರಣ ಸಂಚಿಕೆ. 96 ಪುಟ, ಪುಟ ಜೋಡಿಸುವ ಸಾಫ್ಟ್‌ವೇರ್ ಇನ್‌ಡಿಸೈನ್‌ನಲ್ಲಿ ಮಾಡಿದ್ದೆ. ಫೈಲನ್ನು ಪೆನ್‌ಡ್ರೈವ್‌ಗೆ ಹಾಕಿ ಪ್ರೆಸ್‌ಗೆ ಕಳಿಸಿ ಊಟಕ್ಕೆ ಕೂತಿದ್ದೆ. ಫೋನ್ ಬಂತು.

"ಮೇಡಂ, ಇದರಲ್ಲಿ ಒಂದೇ ಫೈಲ್ ಇದೆಯಲ್ಲಾ? ಫೋಟೋ ಎಲ್ಲಾ ಮಿಸ್ಸಿಂಗ್ ಅಂತಿದೆ. ಅಕ್ಷರನೂ ಏನೇನೋ ಬಂದಿದೆ."

ಪರದೆ ಮೇಲೆ ಫೋಟೋ ಕಾಣುತ್ತಲ್ಲ ಅಂತ ಸ್ವಲ್ಪ ಹೊತ್ತು ವಾದ ಮಾಡಿದೆ. ಆದರೆ ಅಲ್ಲಿ ಕಾಣುವುದು ನೋಡಲಿಕ್ಕೆ ಇರುವ ಮಸುಕು ನಕಲು ಅಷ್ಟೇ. ಪುಟದಲ್ಲಿ ಇರಿಸಿದ (ಪ್ಲೇಸ್ ಮಾಡಿದ) ಫೋಟೋ ಫೈಲ್ ಒಳಗೆ ಬಂದು ಕೂರುವುದಿಲ್ಲ. ಅದು ಯಾವ ಡ್ರೈವ್, ಯಾವ ಫೋಲ್ಡರ್‌ನಲ್ಲಿದೆ ಎಂಬ ವಿಳಾಸ ಮಾತ್ರ ಉಳಿಯುತ್ತದೆ.

ನನ್ನ ಕಂಪ್ಯೂಟರಿನಲ್ಲಿ ತೆರೆದರೆ ಇಲ್ಲೂ ಅದೇ ಗೋಳು! ಫೋಟೋಗಳ ಪಟ್ಟಿ ತೋರಿಸುವ ಲಿಂಕ್ಸ್ ಪ್ಯಾನೆಲ್ ತುಂಬ ಕೆಂಪು ಪ್ರಶ್ನೆ ಗುರುತು, ಅಂದರೆ ಫೋಟೋ ಸಿಗುತ್ತಿಲ್ಲ. (ಹಳದಿ ತ್ರಿಕೋನ ಬಂದರೆ ಅದು ಬೇರೆ ವಿಷಯ. ಫೋಟೋ ಸಿಕ್ಕಿದೆ, ಆದರೆ ಆಮೇಲೆ ಅದನ್ನು ತಿದ್ದಲಾಗಿದೆ ಅಂತ ಅದರ ಅರ್ಥ.) ತಪ್ಪು ನನ್ನದೇ. ಹಿಂದಿನ ರಾತ್ರಿ ಡೌನ್‌ಲೋಡ್ಸ್ ಖಾಲಿ ಮಾಡೋಣ ಅಂತ ಫೋಟೋಗಳನ್ನು ಬೇರೆ ಕಡೆ ಸರಿಸಿದ್ದೆ. ಇನ್ನು ಕೆಲವನ್ನು ಮೇಷ್ಟ್ರೊಬ್ಬರ ಪೆನ್‌ಡ್ರೈವ್‌ನಿಂದ ನೇರವಾಗಿ ಎಳೆದು ಹಾಕಿದ್ದೆ. ಅವರು ಅದನ್ನು ತಗೊಂಡು ಹೋಗಿ ವಾರವಾಗಿತ್ತು.

ಒಂದು ಫೋಟೋ ಆರಿಸಿ, ಅದಕ್ಕೆ ಹೊಸ ವಿಳಾಸ ಕೊಡುವ ರೀಲಿಂಕ್ ಒತ್ತಿದೆ. ಆ ಕಿಟಕಿಯಲ್ಲಿ, ಕಾಣೆಯಾದ ಉಳಿದವನ್ನೂ ಇದೇ ಫೋಲ್ಡರ್‌ನಲ್ಲಿ ಹುಡುಕು ಎಂಬ ಆಯ್ಕೆ ಇರುತ್ತದೆ. ಟಿಕ್ ಹಾಕಿದೆ. ಕೆಂಪು ಗುರುತು ಸರಸರ ಮಾಯ. ಪರವಾಗಿಲ್ಲ ಅನ್ನಿಸಿತು.

ಸುಮ್ನೆ ಪುಟ ತಿರುಗಿಸುತ್ತಾ ಹೋದೆ. ಅಧ್ಯಕ್ಷರ ಸಂದೇಶದ ಪಕ್ಕದಲ್ಲಿ ಕಬಡ್ಡಿ ತಂಡ!

ಆಗಿದ್ದಿಷ್ಟು. ಫೋಟೋಗಳು ಬಂದಿದ್ದು ಇಬ್ಬರು ಮೇಷ್ಟ್ರ ಫೋನ್‌ಗಳಿಂದ, ಎಲ್ಲವೂ ವಾಟ್ಸಾಪ್‌ನವು. ಆಂಡ್ರಾಯ್ಡ್ ಫೋನಿನಲ್ಲಿ ಅದು ಫೋಟೋಗೆ ಆ ದಿನದ ತಾರೀಖು, ಮುಂದೆ ಒಂದು ಕ್ರಮ ಸಂಖ್ಯೆ ಸೇರಿಸಿ ಹೆಸರಿಡುತ್ತದೆ. ಒಂದೇ ದಿನ ಎರಡು ಫೋನ್‌ಗೆ ಬಂದ ಬೇರೆ ಬೇರೆ ಫೋಟೋಗಳಿಗೆ ಒಂದೇ ಹೆಸರು ಬೀಳಬಹುದು. ಇನ್‌ಡಿಸೈನ್ ಹುಡುಕುವಾಗ ಹೆಸರು ನೋಡುತ್ತದೆ, ಮುಖ ನೋಡುವುದಿಲ್ಲ. ಗುರುತು ಕೆಂಪಗಿದ್ದಾಗ ಪರದೆಯ ಮೇಲೆ ಸರಿಯಾದ ಫೋಟೋದ ನಕಲಾದರೂ ಇತ್ತು. ರೀಲಿಂಕ್ ಮಾಡಿ ಅದನ್ನೂ ಕಳೆದುಕೊಂಡಿದ್ದೆ.

ಪುಣ್ಯಕ್ಕೆ ಹೆಡ್‌ಮಾಸ್ಟರ್ ಸಹಿ ಹಾಕಿದ ಪ್ರೂಫ್ ಮೇಜಿನ ಮೇಲಿತ್ತು. ಅದನ್ನು ಇಟ್ಟುಕೊಂಡು 96 ಪುಟವನ್ನೂ ಒಂದೊಂದಾಗಿ ತಾಳೆ ನೋಡಿದೆ. ಇನ್ನೂ ಮೂರು ಕಡೆ ಅದಲುಬದಲಾಗಿತ್ತು. ಈಗ ನಾನು ರೀಲಿಂಕ್ ಮುಟ್ಟುವ ಮೊದಲು, ಫೈಲ್ ಹೇಗಿದೆಯೋ ಹಾಗೇ ಒಂದು ಪಿಡಿಎಫ್ ತೆಗೆದಿಡುತ್ತೇನೆ. ಮಸುಕಾಗಿದ್ದರೂ ಯಾರ ಫೋಟೋ ಎಲ್ಲಿತ್ತು ಅಂತ ಗೊತ್ತಾಗುತ್ತೆ, ಅಲ್ವಾ?

ಅಕ್ಷರದ ಕಥೆ ಚಿಕ್ಕದು. ನಾನು ಬಳಸಿದ್ದು ಹಳೆಯ ನುಡಿ ಫಾಂಟ್. ಅದು ಪ್ರೆಸ್‌ನಲ್ಲಿ ಇರಲಿಲ್ಲ. ಹಾಗಾಗಿ ಕನ್ನಡದ ಜಾಗದಲ್ಲಿ ತಲೆ ಮೇಲೆ ಗೆರೆ, ಚುಕ್ಕಿ ಹೊತ್ತ ಇಂಗ್ಲಿಷ್ ಅಕ್ಷರಗಳು. ಇದಕ್ಕೆ ಈಗಿನ ಯೂನಿಕೋಡ್ ಫಾಂಟ್ ಹಾಕಿದರೆ ಪ್ರಯೋಜನವಿಲ್ಲ, ಒಳಗಿನ ಸಂಕೇತಗಳೇ ಬೇರೆ. ಅದೇ ನುಡಿ ಫಾಂಟ್ ಬೇಕು.

ಕೊನೆಗೆ ಫೈಲ್ ಮೆನುವಿನ ಪ್ಯಾಕೇಜ್ ಕೊಟ್ಟೆ. ಫೋಟೋ, ಫಾಂಟ್ ಎರಡೂ ಒಂದೇ ಫೋಲ್ಡರ್‌ಗೆ ನಕಲಾಗಿ ಬಂದವು. ಮೊದಲೇ ಮಾಡಿದ್ದರೆ ಊಟ ತಣ್ಣಗಾಗುತ್ತಿರಲಿಲ್ಲ.

ಈಗ ಫೋಟೋ ಬಂದ ಕೂಡಲೇ ಪುಟದ ಸಂಖ್ಯೆ ಸೇರಿಸಿ ಹೆಸರು ಬದಲಿಸುತ್ತೇನೆ. ಪ್ಯಾಕೇಜ್ ಆದ ಫೋಲ್ಡರನ್ನು ಅಂಗಡಿಯ ಇನ್ನೊಂದು ಕಂಪ್ಯೂಟರಿನಲ್ಲಿ ತೆರೆದು ನೋಡಿಯೇ ಕಳಿಸುತ್ತೇನೆ. ಅದರಲ್ಲಿ ನುಡಿಯೂ ಇಲ್ಲ, ನನ್ನ ಡೌನ್‌ಲೋಡ್ಸೂ ಇಲ್ಲ.