ಕಪ್ಪು ತಂತಿ ಒಂದೇ ಕಡೆ ಇರಲಿ

ಡಿಪ್ಲೊಮಾ ಓದುವಾಗ ನನಗೆ ರೆಸಿಸ್ಟರ್, ಅಂದರೆ ಕರೆಂಟಿಗೆ ತಡೆಯೊಡ್ಡುವ ಬಿಡಿಭಾಗದ ಲೆಕ್ಕಕ್ಕೆ ಎರಡು ಸೂತ್ರ ಬಾಯಿಪಾಠ ಇದ್ದವು. ಆ ತಡೆಯ ಅಳತೆ ಓಮ್. ಸರಣಿಯಲ್ಲಿದ್ದರೆ, ಅಂದರೆ ಒಂದರ ಹಿಂದೆ ಒಂದು ಇದ್ದರೆ, ಓಮ್ ಕೂಡಿಸು. ಎರಡು ಸಮಾಂತರದಲ್ಲಿದ್ದರೆ, ಅಂದರೆ ಎರಡರ ತುದಿಗಳೂ ಅದೇ ಎರಡು ಜಾಗಕ್ಕೆ ಸೇರಿದ್ದರೆ, ಗುಣಲಬ್ಧವನ್ನು ಮೊತ್ತದಿಂದ ಭಾಗಿಸು. ಯಾವ ರೆಸಿಸ್ಟರ್ ಸರ್ಕ್ಯೂಟ್ ಕೊಟ್ಟರೂ ಇವೆರಡರಿಂದಲೇ ಮಡಚುತ್ತಾ ಹೋಗಿ, ಕೊನೆಗೆ ಒಂದೇ ರೆಸಿಸ್ಟರ್ ಮಾಡಿಬಿಡುತ್ತಿದ್ದೆ. ಒಂದು ಪರೀಕ್ಷೆಯಲ್ಲಿ ಐದು ರೆಸಿಸ್ಟರಿನ ಬ್ರಿಡ್ಜ್ ಬಂತು. ಮೇಲೆ ಎರಡು, ಕೆಳಗೆ ಎರಡು, ನಡುವೆ ಅಡ್ಡಕ್ಕೆ ಒಂದು. ಅದರಲ್ಲಿ ಯಾವ ಎರಡೂ ಸರಣಿಯಲ್ಲಿಲ್ಲ, ಯಾವ ಎರಡೂ ಸಮಾಂತರದಲ್ಲೂ ಇಲ್ಲ. ಅರ್ಧ ಗಂಟೆ ಚಿತ್ರವನ್ನೇ ಬೇರೆ ಬೇರೆ ಥರ ಬರೆದು ನೋಡಿದೆ. ಮಡಚೋಕೆ ಜಾಗವೇ ಸಿಗಲಿಲ್ಲ.

ಆ ರಜೆಯಲ್ಲಿ ಶಿವಮೊಗ್ಗದ ಒಂದು ಟಿವಿ ರಿಪೇರಿ ಅಂಗಡಿಗೆ ಕೆಲಸ ಕಲಿಯಲು ಹೋದೆ. ಅಂಗಡಿಯ ಅಣ್ಣ ಯಾವ ಬೋರ್ಡ್ ಬಂದರೂ ಮೊದಲು ಮೀಟರಿನ ಕಪ್ಪು ತಂತಿಯನ್ನು ನೆಗೆಟಿವ್‌ಗೆ ಕ್ಲಿಪ್ ಹಾಕಿ ಬಿಟ್ಟುಬಿಡುತ್ತಿದ್ದರು. ಆಮೇಲೆ ಅದನ್ನು ಮುಟ್ಟುತ್ತಲೇ ಇರಲಿಲ್ಲ. ಕೆಂಪು ತಂತಿ ಮಾತ್ರ ಒಂದು ಜೋಡಣೆಯಿಂದ ಇನ್ನೊಂದಕ್ಕೆ ಓಡಾಡುತ್ತಿತ್ತು. ಸಿಕ್ಕ ಅಂಕಿಯನ್ನು ಚಿತ್ರದ ಮೇಲೆ ಆಯಾ ಜಾಗದಲ್ಲೇ ಪೆನ್ಸಿಲಿನಲ್ಲಿ ಬರೆಯುತ್ತಿದ್ದರು.

“ಅಣ್ಣ, ಒಂದೊಂದು ರೆಸಿಸ್ಟರಿನ ಎರಡೂ ತುದಿ ಹಿಡಿದು ಅಳೆಯೋದಿಲ್ವಾ?” ಅಂತ ಕೇಳಿದೆ.

“ಯಾಕೆ? ಎಲ್ಲಾನೂ ಒಂದೇ ನೆಲದಿಂದ ಅಳೆದಿಟ್ಟುಕೋ ಮಾರಾಯ. ಎರಡು ಕಡೆ ನಡುವೆ ಎಷ್ಟಿದೆ ಅಂತ ಬೇಕಾದಾಗ ಕಳೆದುಕೊಂಡರಾಯ್ತು.”

ಆ ರಾತ್ರಿ ಮನೆಗೆ ಬಂದು ಪರೀಕ್ಷೆಯ ಬ್ರಿಡ್ಜನ್ನು ಮತ್ತೆ ಬರೆದೆ. ಈ ಸಲ ರೆಸಿಸ್ಟರ್‌ಗಳ ಕಡೆ ನೋಡಲಿಲ್ಲ, ಅವು ಸೇರುವ ಜಾಗಗಳನ್ನು ನೋಡಿದೆ. ಬ್ರಿಡ್ಜಿನಲ್ಲಿ ಅಂಥ ಜಾಗ ನಾಲ್ಕೇ. ಕೆಳಗಿನದು ನೆಲ, ಅಂದರೆ ಸೊನ್ನೆ. ಮೇಲಿನದು ಸಪ್ಲೈ, ಅದೂ ಗೊತ್ತು. ಗೊತ್ತಿಲ್ಲದ್ದು ಎಡದ ಬಿಂದು, ಬಲದ ಬಿಂದು, ಎರಡೇ! ಪಠ್ಯದಲ್ಲಿ ನೋಡಲ್ ಅನಾಲಿಸಿಸ್, ಅಂದರೆ ಬಿಂದುಗಳ ವೋಲ್ಟೇಜ್ ಹಿಡಿದು ಸರ್ಕ್ಯೂಟ್ ಬಿಡಿಸುವ ಪಾಠ ಇತ್ತು. ಅದು ಅಣ್ಣನ ಕಪ್ಪು ತಂತಿಯೇ ಅಂತ ನನಗೆ ಹೊಳೆದದ್ದು ಆಗ.

ನೀವೂ ಮಾಡಿ ನೋಡಿ. ನಾನು ಆಗ ಮಾಡಿದ ಪ್ರಯೋಗಕ್ಕೆ ಬೇಕಾಗಿದ್ದು ಬರೀ 1 ಕಿಲೋ ಓಮ್ ರೆಸಿಸ್ಟರ್ ಆರು. ಕಂದು, ಕಪ್ಪು, ಕೆಂಪು ಪಟ್ಟಿ ಇರುವುದು. ಎಡಗಡೆ ಮೇಲೆ ಒಂದು, ಕೆಳಗೆ ಒಂದು. ಬಲಗಡೆ ಮೇಲೆ ಒಂದು, ಕೆಳಗೆ ಎರಡು ಸರಣಿಯಲ್ಲಿ, ಅಂದರೆ 2 ಕಿಲೋ ಓಮ್. ಎಡದ ಬಿಂದುವಿಗೂ ಬಲದ ಬಿಂದುವಿಗೂ ನಡುವೆ ಅಡ್ಡಕ್ಕೆ ಒಂದು. ಸಪ್ಲೈಯನ್ನು 13 ವೋಲ್ಟಿಗೆ ಇಡಿ. ಯಾಕೆ 13 ಅಂತ ಆಮೇಲೆ ಗೊತ್ತಾಗುತ್ತದೆ.

ಜರ್ಮನಿಯ ಭೌತವಿಜ್ಞಾನಿ ಕಿರ್ಚಾಫ್ 1845ರಲ್ಲಿ, ಇನ್ನೂ ವಿದ್ಯಾರ್ಥಿಯಾಗಿದ್ದಾಗಲೇ ಹೇಳಿದ ನಿಯಮ ಇಷ್ಟೇ: ಒಂದು ಬಿಂದುವಿಗೆ ಎಷ್ಟು ಕರೆಂಟ್ ಬರುತ್ತದೋ ಅಷ್ಟೇ ಹೊರಗೆ ಹೋಗಬೇಕು. ಒಂದು ರೆಸಿಸ್ಟರಿನ ಕರೆಂಟ್ ಅಂದರೆ ಅದರ ಎರಡು ತುದಿಯ ವೋಲ್ಟಿನ ವ್ಯತ್ಯಾಸವನ್ನು ಓಮ್‌ನಿಂದ ಭಾಗಿಸಿದ್ದು. ಆ ಎರಡು ಬಿಂದುಗಳ ವೋಲ್ಟನ್ನು ಎಡ, ಬಲ ಅಂತಲೇ ಕರೆಯೋಣ. ಎಡದ ಬಿಂದುವಿಗೆ ಮೇಲಿನಿಂದ ಬರುವುದು 13 − ಎಡ. ಕೆಳಗೆ ಹೋಗುವುದು ಎಡ. ಅಡ್ಡಕ್ಕೆ ಹೋಗುವುದು ಎಡ − ಬಲ. ಇಲ್ಲಿ ಎಲ್ಲವೂ 1 ಕಿಲೋ ಓಮ್, ಅಂದರೆ ಸಾವಿರ ಓಮ್ ಆದ್ದರಿಂದ ಉತ್ತರ ನೇರವಾಗಿ ಮಿಲಿಆಂಪ್‌ನಲ್ಲಿ, ಅಂದರೆ ಆಂಪಿಯರಿನ ಸಾವಿರದಲ್ಲೊಂದು ಪಾಲಿನಲ್ಲಿ ಬರುತ್ತದೆ. ಸೇರಿಸಿದರೆ:

3 × ಎಡ − ಬಲ = 13

ಬಲದ ಬಿಂದುವಿಗೂ ಹಾಗೇ. ಕೆಳಗಿನದು 2 ಕಿಲೋ ಓಮ್ ಆದ್ದರಿಂದ ಅಲ್ಲಿ ಬಲದ ಅರ್ಧ:

2.5 × ಬಲ − ಎಡ = 13

ಬಿಡಿಸಿದರೆ ಎಡ 7 ವೋಲ್ಟ್, ಬಲ 8 ವೋಲ್ಟ್. 13 ಇಟ್ಟದ್ದು ಇದಕ್ಕೇ, ಪೂರ್ಣಾಂಕ ಬರಲಿ ಅಂತ. ಅಡ್ಡ ರೆಸಿಸ್ಟರಿನಲ್ಲಿ 1 ಮಿಲಿಆಂಪ್, ಬಲದಿಂದ ಎಡಕ್ಕೆ. ನಾನು ಎಡದಿಂದ ಬಲಕ್ಕೆ ಹೋಗುತ್ತದೆ ಅಂದುಕೊಂಡು ಸಮೀಕರಣ ಬರೆದಿದ್ದೆ, ಉತ್ತರ ಮೈನಸ್ 1 ಬಂತು. ಗಾಬರಿ ಬೇಡ. ಮೈನಸ್ ಬಂದರೆ ದಿಕ್ಕು ಉಲ್ಟಾ ಅಂತ, ಅಷ್ಟೇ. ಲೆಕ್ಕ ತಪ್ಪಿಲ್ಲ. ಮೇಲಿನಿಂದ 6 ಮತ್ತು 5 ಸೇರಿ 11 ಮಿಲಿಆಂಪ್ ಇಳಿಯುತ್ತದೆ, ನೆಲಕ್ಕೆ 7 ಮತ್ತು 4 ಸೇರಿ 11 ಬರುತ್ತದೆ. ಈ ತಾಳೆಯನ್ನು ನಾನು ಇವತ್ತಿಗೂ ಬಿಡುವುದಿಲ್ಲ.

ಬ್ರೆಡ್‌ಬೋರ್ಡಿನಲ್ಲಿ, ಅಂದರೆ ಬೆಸುಗೆ ಇಲ್ಲದೆ ಬಿಡಿಭಾಗ ಚುಚ್ಚಿ ಜೋಡಿಸುವ ಹಲಗೆಯಲ್ಲಿ, ಕಟ್ಟಿ ಅಳೆದಾಗ 7ಕ್ಕೂ 8ಕ್ಕೂ ಹತ್ತಿರ ಹತ್ತಿರ ಬಂತು. ರೆಸಿಸ್ಟರ್‌ಗಳಲ್ಲಿ ಚಿನ್ನದ ಬಣ್ಣದ ಪಟ್ಟಿ ಇದ್ದರೆ 5 ಪ್ರತಿಶತ ಆಚೀಚೆ ಇರಬಹುದು, ಹಾಗಾಗಿ ಸ್ವಲ್ಪ ವ್ಯತ್ಯಾಸ ಬಂದೇ ಬರುತ್ತದೆ. ಆ ಸಂತೋಷ ಈಗಲೂ ನೆನಪಿದೆ. ಕಾಗದದ ಮೇಲಿನ ಅಂಕಿ ತಂತಿಯ ತುದಿಯಲ್ಲಿ ಸಿಗುವುದು ಸಣ್ಣ ವಿಷಯ ಅಲ್ಲ.

ಆದರೆ ಮುಂದಿನ ವಾರವೇ ಒಂದು ಲೆಕ್ಕ ತಾಳೆಯಾಗಲಿಲ್ಲ. 12 ವೋಲ್ಟಿಗೆ ಎರಡು 100 ಕಿಲೋ ಓಮ್ ರೆಸಿಸ್ಟರ್ ಸರಣಿಯಲ್ಲಿ ಹಾಕಿದೆ. ನಡುವೆ 6 ವೋಲ್ಟ್ ಇರಬೇಕು, ಅಲ್ವಾ? ನನ್ನ ಸಣ್ಣ ಮುಳ್ಳಿನ ಮೀಟರ್ 1.7 ತೋರಿಸಿತು. ರೆಸಿಸ್ಟರ್ ಬದಲಾಯಿಸಿದೆ. ಮತ್ತೆ 1.7. ಕೊನೆಗೆ ಮೀಟರಿನ ಮುಖದ ಮೇಲಿನ ಸಣ್ಣ ಅಕ್ಷರ ಓದಿದೆ: ವೋಲ್ಟಿಗೆ 2,000 ಓಮ್. ಅಂದರೆ 10 ವೋಲ್ಟ್ ರೇಂಜಿನಲ್ಲಿ ಮೀಟರ್ ಅನ್ನುವುದೇ 20 ಕಿಲೋ ಓಮ್ ರೆಸಿಸ್ಟರ್. ಅದು ಕೆಳಗಿನ 100 ಕಿಲೋ ಓಮ್‌ಗೆ ಸಮಾಂತರವಾಗಿ ಸೇರಿ 16.7 ಕಿಲೋ ಓಮ್ ಆಗಿತ್ತು. 12ನ್ನು 16.7ರಿಂದ ಗುಣಿಸಿ 116.7ರಿಂದ ಭಾಗಿಸಿ: 1.7. ಮೀಟರ್ ಸುಳ್ಳು ಹೇಳಿರಲಿಲ್ಲ. ಅದು ಅಲ್ಲಿರುವಾಗ ವೋಲ್ಟೇಜ್ ನಿಜವಾಗಿಯೂ ಅಷ್ಟೇ ಇತ್ತು. ಈಗಿನ ಡಿಜಿಟಲ್ ಮೀಟರ್ ಸಾಮಾನ್ಯವಾಗಿ 10 ಮೆಗಾ ಓಮ್ ಇರುತ್ತದೆ. ಅದರಲ್ಲಿ ಇದೇ ಜಾಗ 5.97 ತೋರಿಸುತ್ತದೆ. ಅಂದಿನಿಂದ ದೊಡ್ಡ ರೆಸಿಸ್ಟರ್ ಕಂಡರೆ ಮೀಟರನ್ನೂ ಚಿತ್ರದಲ್ಲಿ ಬರೆದುಕೊಳ್ಳುತ್ತೇನೆ.

ಈಗ ನನ್ನದೇ ಸಣ್ಣ ರಿಪೇರಿ ಕೆಲಸ ಇದೆ. ಈಚೆಗೆ ಒಬ್ಬರು ಮನೆಯ ಇನ್ವರ್ಟರ್ ತಂದರು. ಕರೆಂಟ್ ಹೋದ ಕೂಡಲೇ ಬ್ಯಾಟರಿ ಖಾಲಿ ಅಂತ ಕೂಗಿ ಆಫ್ ಆಗುತ್ತಿತ್ತು. ಹೊಸ ಬ್ಯಾಟರಿ ಹಾಕಿಸಿ ಅಂತ ಯಾರೋ ಹೇಳಿದ್ದರಂತೆ. ಬ್ಯಾಟರಿ ಅಳೆದೆ, 12.6 ವೋಲ್ಟ್. ಲೋಡ್ ಹಾಕಿದರೂ ಅಷ್ಟೇನೂ ಇಳಿಯಲಿಲ್ಲ. ಚೆನ್ನಾಗಿಯೇ ಇತ್ತು.

ಮೇನ್ಸ್ ಪೂರ್ತಿ ತೆಗೆದು ಬೋರ್ಡ್ ಬಿಚ್ಚಿದೆ. ಕಪ್ಪು ತಂತಿ ಬ್ಯಾಟರಿಯ ನೆಗೆಟಿವ್‌ಗೆ. ಬ್ಯಾಟರಿ ವೋಲ್ಟೇಜನ್ನು ಚಿಪ್‌ಗೆ ತಿಳಿಸಲು ಮೇಲೆ 10, ಕೆಳಗೆ 2.2 ಕಿಲೋ ಓಮ್ ರೆಸಿಸ್ಟರ್ ಸರಣಿಯಲ್ಲಿ ಇದ್ದವು. 12.6ಕ್ಕೆ ನಡುವೆ 2.27 ಬರಬೇಕು. ಬಂದದ್ದು 1.9. ಆ ಲೆಕ್ಕದಲ್ಲಿ ಚಿಪ್‌ಗೆ ಬ್ಯಾಟರಿ ಕಾಣುತ್ತಿದ್ದದ್ದು 10.5 ವೋಲ್ಟ್. ಖಾಲಿ ಅಂತ ಕೂಗದೆ ಇನ್ನೇನು ಮಾಡುತ್ತದೆ?

1.9 ಬರಬೇಕಾದರೆ ಒಂದೋ ಮೇಲಿನದು ಹೆಚ್ಚಾಗಿರಬೇಕು, ಇಲ್ಲ ಕೆಳಗಿನದು ಕಡಿಮೆಯಾಗಿರಬೇಕು. ಮೇಲಿನದೇ ಕೆಟ್ಟಿದ್ದರೆ ಅದು 12.4 ಕಿಲೋ ಓಮ್ ಆಗಿರಬೇಕು ಅಂತ ಮೊದಲೇ ಲೆಕ್ಕ ಹಾಕಿ ಬರೆದಿಟ್ಟೆ. ಬ್ಯಾಟರಿ ತೆಗೆದು, ವಿದ್ಯುತ್ ಕೂಡಿಟ್ಟುಕೊಳ್ಳುವ ಕೆಪಾಸಿಟರ್ ಖಾಲಿ ಮಾಡಿ, ಆ ರೆಸಿಸ್ಟರಿನ ಒಂದು ಕಾಲನ್ನು ಬೋರ್ಡಿನಿಂದ ಬಿಡಿಸಿದೆ. ಹಾಗೆ ಬಿಡಿಸದೆ ಅಳೆದರೆ ಅಕ್ಕಪಕ್ಕದ ದಾರಿಗಳೂ ಸಮಾಂತರವಾಗಿ ಸೇರಿ ಓಮ್ ಕಡಿಮೆ ತೋರುತ್ತದೆ. ಮೀಟರಿನಲ್ಲಿ 12.38 ಬಂತು. ಹತ್ತಿರದಲ್ಲೇ ಬಿಸಿಯಾಗುವ ಹೀಟ್‌ಸಿಂಕ್, ಅಂದರೆ ಶಾಖ ಹೊರಹಾಕುವ ಲೋಹದ ತುಂಡು ಇತ್ತು, ವರ್ಷಗಟ್ಟಲೆ ಕಾದು ಬೆಲೆ ಏರಿತ್ತು.

ಹೊಸ 10 ಕಿಲೋ ಓಮ್ ರೆಸಿಸ್ಟರನ್ನು ಹೀಟ್‌ಸಿಂಕಿನಿಂದ ಸ್ವಲ್ಪ ದೂರಕ್ಕೆ ಬಗ್ಗಿಸಿ ಬೆಸುಗೆ ಹಾಕಿದೆ. ಬ್ಯಾಟರಿ ಜೋಡಿಸಿ ಕೆಂಪು ತಂತಿಯನ್ನು ಅದೇ ಜಾಗಕ್ಕೆ ಇಟ್ಟೆ. 2.27.