ಸೋಫಾ ಅಳೆದು ಕಾರ್ಪೆಟ್ ತಂದದ್ದು

ಕಾರ್ಪೆಟ್ ತರುವ ಮೊದಲು ಎಲ್ಲರೂ ಕೋಣೆ ಅಳೆಯುತ್ತಾರೆ. ನಾನು ಟೇಪ್ ಹಿಡಿದದ್ದು ಸೋಫಾಕ್ಕೆ. ಕೂರುವ ಜಾಗ ಎಷ್ಟು ದೊಡ್ಡದು ಎಂದು ಗೊತ್ತಾದರೆ ಕಾರ್ಪೆಟ್ ಅಳತೆ ಮುಕ್ಕಾಲು ಪಾಲು ಸಿಕ್ಕಿದ ಹಾಗೆಯೇ. ಉಳಿದ ಕಾಲು ಪಾಲನ್ನು ನಮ್ಮ ಊರಿನ ಮಳೆ ಹೇಳುತ್ತದೆ.

ನಮ್ಮದು ಮಂಗಳೂರಿನ ಕದ್ರಿ ಹತ್ತಿರದ ಫ್ಲ್ಯಾಟ್. ಹಾಲ್ 11 ಅಡಿ ಅಗಲ, 15 ಅಡಿ ಉದ್ದ. ಉದ್ದದ ಒಂದು ಗೋಡೆಗೆ ಮೂರು ಸೀಟಿನ ಸೋಫಾ, ಎದುರು ಗೋಡೆಗೆ ಟಿ.ವಿ. ಯೂನಿಟ್, ನಡುವೆ ಬಾಲ್ಕನಿಗೆ ಹೋಗುವ ದಾರಿ. ಸೋಫಾ ಉದ್ದ 78 ಇಂಚು. ಕಾರ್ಪೆಟ್ ಅದಕ್ಕಿಂತ ಎರಡೂ ಬದಿಗೆ ಅರ್ಧ ಅಡಿಯಾದರೂ ಜಾಸ್ತಿ ಇರಬೇಕು. ಅಂದರೆ ಏಳೂವರೆ ಅಡಿಗಿಂತ ಕಡಿಮೆ ಬೇಡ.

ಅಗಲದ ಲೆಕ್ಕ ಸ್ವಲ್ಪ ಕಿರಿಕಿರಿಯದ್ದು. ಸೋಫಾದ ಮುಂದಿನ ಕಾಲುಗಳು ಕಾರ್ಪೆಟ್ ಮೇಲೆ ಬರಬೇಕು, ಅದಕ್ಕೆ 9 ಇಂಚು. ಸೋಫಾಕ್ಕೂ ಟೀಪಾಯಿಗೂ ನಡುವೆ ಮೊಣಕಾಲು ತಾಗದ ಹಾಗೆ 16 ಇಂಚು. ಟೀಪಾಯಿ 22 ಇಂಚು. ಅದರ ಆಚೆ ಇನ್ನೊಂದು ಅಡಿ ಇದ್ದರೆ ನೋಡಲು ಚಂದ. ಕೂಡಿಸಿದರೆ 59 ಇಂಚು, ಹೆಚ್ಚುಕಡಿಮೆ 5 ಅಡಿ. ಹೀಗೆ 5×8 ಎಂದು ಬಂತು.

6×9 ಯಾಕೆ ಬೇಡ ಅಂದರೆ ಬಾಲ್ಕನಿ ದಾರಿ. ಐದು ಅಡಿ ಹಾಕಿದರೆ ಟಿ.ವಿ. ಯೂನಿಟ್ ಮುಂದೆ ಎರಡೂವರೆ ಅಡಿ ಬರೀ ನೆಲ ಸಿಗುತ್ತದೆ. ಬಟ್ಟೆ ಬಕೆಟ್ ಹಿಡಿದು ಆರಾಮಾಗಿ ಹೋಗಬಹುದು. ಆರು ಅಡಿಯಾದರೆ ಆ ದಾರಿ ಒಂದೂವರೆ ಅಡಿಗೆ ಇಳಿಯುತ್ತದೆ. ಆಗ ಒಂದು ಕಾಲು ನೆಲದಲ್ಲಿ, ಇನ್ನೊಂದು ಕಾರ್ಪೆಟ್ ಅಂಚಿನಲ್ಲಿ. ವಯಸ್ಸಾದವರು ಎಡವುವುದು ಇಂಥಲ್ಲೇ. ಇನ್ನು 4×6 ಅಗ್ಗಕ್ಕೆ ಸಿಗುತ್ತದೆ ನಿಜ, ಆದರೆ ಟೀಪಾಯಿಯ ಅಡಿಗೆ ಮಾತ್ರ ಸಾಕಾಗುತ್ತದೆ. ದೊಡ್ಡ ಲಕೋಟೆಗೆ ಸಣ್ಣ ಸ್ಟಾಂಪ್ ಅಂಟಿಸಿದ ಹಾಗೆ ಕಾಣುತ್ತದೆ.

ಲೆಕ್ಕ ಕಾಗದದಲ್ಲಿ ಸರಿಯಾದರೂ ಕಣ್ಣಿಗೆ ನಂಬಿಕೆ ಬರಬೇಕಲ್ವಾ? ಅದಕ್ಕೆ ಮನೆಯ ಬೆಡ್‌ಶೀಟೇ ಸಾಕು. ಸಿಂಗಲ್ ಬೆಡ್‌ಶೀಟ್ ಸಾಮಾನ್ಯವಾಗಿ 60×90 ಇಂಚು ಇರುತ್ತದೆ, ಅಂದರೆ ಐದು ಅಡಿಗೆ ಏಳೂವರೆ ಅಡಿ. ಡಬಲ್ 90×108 ಇದ್ದರೆ ಅಗಲದಲ್ಲಿ ಒಂದೂವರೆ ಅಡಿ ಒಳಗೆ ಮಡಚಿ, 6×9 ಆಯಿತು. ಹಾಸಿ, ಟೀಪಾಯಿ ಇಟ್ಟು, ಎಂದಿನಂತೆ ಓಡಾಡಿ ನೋಡಿದರೆ ಎಲ್ಲಿ ಇಕ್ಕಟ್ಟು ಎಂದು ಕಾಲೇ ಹೇಳುತ್ತದೆ. ಬಟ್ಟೆ ಜಾರುತ್ತದೆ, ಮೂಲೆಗಳಿಗೆ ಟೇಪ್ ಅಂಟಿಸಿ. ಮುಂಬಾಗಿಲನ್ನೂ ಒಮ್ಮೆ ಪೂರ್ತಿ ತೆರೆದು ನೋಡಿ. ಬಾಗಿಲಿನ ಅಡಿಯ ಸಂದಿಗಿಂತ ಕಾರ್ಪೆಟ್ ದಪ್ಪ ಇದ್ದರೆ ದಿನಾ ಉಜ್ಜುತ್ತದೆ.

ಕೊಳ್ಳುವಾಗ ಲೇಬಲ್ ನೋಡಿ ಸುಮ್ನೆ ನಂಬಬೇಡಿ. 160×230 ಸೆಂಟಿಮೀಟರ್ ಇರುವುದನ್ನು 5×8 ಎಂದೇ ಮಾರುತ್ತಾರೆ. ಅದು ನಿಜಕ್ಕೆ ಐದೂಕಾಲು ಅಡಿಗೆ ಏಳೂವರೆ. ನಮ್ಮ ಸೋಫಾಕ್ಕೆ ಅದೂ ಆಗುತ್ತಿತ್ತು. ಏಳು ಅಡಿಯ ಸೋಫಾ ಇದ್ದವರಿಗೆ ಎರಡೂ ಬದಿಗೆ ಮೂರೇ ಇಂಚು ಉಳಿಯುತ್ತದೆ. ತುದಿಯ ಕುಚ್ಚು ಉದ್ದದಲ್ಲಿ ಸೇರಿದೆಯೋ ಇಲ್ಲವೋ ಎಂದೂ ಕೇಳಿ.

ಮಲಗುವ ಕೋಣೆಯಲ್ಲಿ ಮಾತ್ರ ನಾನು ಪುಸ್ತಕದ ನಿಯಮ ಬಿಟ್ಟೆ. ಕ್ವೀನ್ ಮಂಚ 5 ಅಡಿಗೆ ಆರೂವರೆ ಅಡಿ. ಅದರ ಅಡಿಗೆ 8×10 ಹಾಸಿ, ಬದಿಗೆ ಒಂದೂವರೆ ಅಡಿ ಹೊರಗೆ ಬರಲಿ ಎನ್ನುತ್ತಾರೆ. ನಮ್ಮ ಕೋಣೆ ಹತ್ತೇ ಅಡಿ ಅಗಲ, ಮಂಚ ಸ್ಟೋರೇಜ್ ಇರುವ ಭಾರದ್ದು. ಅದರ ಅಡಿಯ ಕಾರ್ಪೆಟ್‌ಗೆ ಗಾಳಿಯೂ ಇಲ್ಲ, ಬಿಸಿಲೂ ಇಲ್ಲ. ಮಳೆಗಾಲದಲ್ಲಿ ಬೂಷ್ಟು ಗ್ಯಾರಂಟಿ. ಮಂಚದ ಎರಡು ಬದಿಗೆ 2×5 ಅಡಿಯ ಹತ್ತಿಯ ಜಮಖಾನ ಹಾಕಿದೆ. ಬೆಳಿಗ್ಗೆ ಕಾಲಿಡುವ ಜಾಗಕ್ಕೆ ಅಷ್ಟು ಸಾಕು. ತೊಳೆಯುವುದೂ ಸುಲಭ.

ಊಟದ ಮೇಜಿನ ಅಡಿಗೆ ಏನೂ ಹಾಕಿಲ್ಲ. ಹಾಕುವುದಾದರೆ ಮೇಜಿಗಿಂತ ನಾಲ್ಕೂ ಕಡೆ ಎರಡು ಅಡಿ ಜಾಸ್ತಿ ಬೇಕು, ಇಲ್ಲದಿದ್ದರೆ ಕುರ್ಚಿ ಹಿಂದಕ್ಕೆ ಎಳೆದಾಗ ಹಿಂದಿನ ಕಾಲು ಅಂಚಿನಿಂದ ಕೆಳಗೆ ಇಳಿಯುತ್ತದೆ. 3×5 ಅಡಿಯ ಮೇಜಿಗೆ 7×9. ಅಷ್ಟು ದೊಡ್ಡದು ತಂದು ಅದರ ಮೇಲೆ ಬಂಗುಡೆ ಸಾರು ಚೆಲ್ಲಿಕೊಳ್ಳುವ ಧೈರ್ಯ ನನಗಿಲ್ಲ.

ಉಡುಪಿ ಕಡೆಯ ಅಮ್ಮನ ಮನೆಯ ಚಾವಡಿಗೆ, ಅಂದರೆ ಮುಂದಿನ ಹಜಾರಕ್ಕೆ, ಈ ಸೋಫಾ ಲೆಕ್ಕ ನಡೆಯುವುದಿಲ್ಲ. ಅಲ್ಲಿ ಕುರ್ಚಿಗಳು ಗೋಡೆಗೆ ಒರಗಿವೆ, ಒಂದು ತುದಿಗೆ ಉಯ್ಯಾಲೆ, ಕೆಳಗೆ ಕೆಂಪು ರೆಡ್ ಆಕ್ಸೈಡ್ ನೆಲ. ಅಷ್ಟು ಹೊಳೆಯುವ ನೆಲ ಮುಚ್ಚುವುದೇ ಪಾಪ, ಅದು ನನ್ನ ಅಭಿಪ್ರಾಯ. ಆದರೂ ಪೂಜೆಗೆ, ಭಜನೆಗೆ ಜನ ಕೆಳಗೆ ಕೂರುತ್ತಾರೆ. ಗೋಡೆಯಿಂದ ಒಂದೂವರೆ ಅಡಿ ಬಿಟ್ಟು ನಡುವೆ 6×9 ಹಾಸುವ ಯೋಚನೆ ಮಾಡಿದೆ. ಚಕ್ಕಳಮಕ್ಕಳ ಹಾಕಿ ಕೂರಲು ಒಬ್ಬರಿಗೆ ಎರಡು ಅಡಿ ಅಗಲ ಹಿಡಿದರೆ, ಒಂದು ಸಾಲಿಗೆ ನಾಲ್ಕು ಜನ. ಉಯ್ಯಾಲೆಯಲ್ಲಿ ಕೂತವರು ನೆಲ ಒದೆಯುವ ಜಾಗಕ್ಕೆ ಕಾರ್ಪೆಟ್ ಅಂಚು ಬರಬಾರದು, ಬೆರಳು ಸಿಕ್ಕಿಕೊಳ್ಳುತ್ತದೆ.

ಅಮ್ಮ ಕೇಳಿದ್ದು ಒಂದೇ ಪ್ರಶ್ನೆ: "ಅಷ್ಟು ದೊಡ್ಡದನ್ನು ಆಟಿಯಲ್ಲಿ ಎತ್ತಿಡುವವರು ಯಾರು ಮಗಾ?"

ಸರಿಯಾದ ಪ್ರಶ್ನೆ. ಆಟಿ ಅಂದರೆ ತುಳುವರ ಲೆಕ್ಕದಲ್ಲಿ ಜೋರು ಮಳೆಯ ತಿಂಗಳು. ಕರಾವಳಿಯಲ್ಲಿ ವರ್ಷಕ್ಕೆ 3,500 ಮಿಲಿಮೀಟರ್‌ಗೂ ಜಾಸ್ತಿ ಮಳೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಆಗ ನೆಲವೇ ಬೆವರುತ್ತದೆ. ಸೆಣಬಿನ ಕಾರ್ಪೆಟ್ ತೇವ ಹೀರಿ ಮುಗ್ಗು ವಾಸನೆ ಹೊಡೆಯುತ್ತದೆ, ದಪ್ಪ ಉಣ್ಣೆಯದ್ದು ಒಣಗುವುದೇ ಇಲ್ಲ. ಅಳತೆ ಒಂದೊಂದು ಅಡಿ ಏರಿದರೂ ಭಾರ ತುಂಬಾ ಏರುತ್ತದೆ. 5×8 ಅಂದರೆ 40 ಚದರ ಅಡಿ, 6×9 ಅಂದರೆ 54, 8×10 ಅಂದರೆ 80. ಹಾಗಾಗಿ ಚಾವಡಿಗೆ ಒಂದು ದೊಡ್ಡದರ ಬದಲು 4×6ರ ಎರಡು ತೆಳು ಜಮಖಾನ ತಂದೆವು. ಜನ ಬಂದಾಗ ಅಕ್ಕಪಕ್ಕ ಹಾಸಿದರೆ 6×8 ಆಗುತ್ತದೆ, ಉಳಿದ ದಿನ ಒಂದೇ. ಅಮ್ಮ ಒಬ್ಬರೇ ಮಡಚಿ ಕಪಾಟಿನಲ್ಲಿ ಇಡುತ್ತಾರೆ.

ನಮ್ಮ ಹಾಲಿನ 5×8 ಪಾಲಿಪ್ರೊಪಿಲೀನ್‌ ಎಂಬ ಪ್ಲಾಸ್ಟಿಕ್ ನೂಲಿನದ್ದು, ನೀರು ಹೀರುವುದಿಲ್ಲ. ಮೇ ಕೊನೆಗೆ ಬಿಸಿಲಿಗೆ ಹಾಕಿ, ಸುರುಳಿ ಸುತ್ತಿ ಕಪಾಟಿನ ಮೇಲೆ ಇಡುತ್ತೇವೆ. ಮತ್ತೆ ಹಾಸುವುದು ನವರಾತ್ರಿಗೆ.